ಆಯುಧ ಯಾರ ಕೈಯಲ್ಲಿರಬೇಕು?

ಶಾಲೆಯೊಂದರಲ್ಲೋ ಪೇಟೆಯೊಂದರಲ್ಲೋ ಗುಂಡು ಹಾರಿ ನಿರಪರಾಧಿಗಳು ಸತ್ತರೆಂಬ ವಾರ್ತೆ ಅಮೆರಿಕದಿಂದ ಬಂದಾಗಲೆಲ್ಲ ಅದರ ಬೆನ್ನಿಗೇ ಹಳೆಯ ವಾದವೊಂದು ಮತ್ತೆ ತಲೆ ಎತ್ತುತ್ತದೆ. ಬಂದೂಕು ಇಟ್ಟುಕೊಳ್ಳುವುದು ಪ್ರಜೆಯ ಹಕ್ಕೋ, ಸರಕಾರ ಕೊಡುವ ಅನುಮತಿಯೋ? ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಲ್ಲಿ ಈ ಹಕ್ಕಿನ ಮಾತು ಬಂದಿದೆ. ಅದನ್ನು ಹೇಳಿದ್ದು ನಾಡಕಾವಲಿನ ಪಡೆಗಾಗಿಯೋ, ಒಬ್ಬೊಬ್ಬ ಪ್ರಜೆಗಾಗಿಯೋ ಎಂಬ ಚರ್ಚೆ ಬಹುಕಾಲ ನಡೆಯಿತು. 2008ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ಅದು ವ್ಯಕ್ತಿಯ ಹಕ್ಕೇ ಎಂದು ತೀರ್ಪಿತ್ತಿತು. ವಾದವೇನೋ ಅಲ್ಲಿಗೂ ಮುಗಿಯಲಿಲ್ಲ.

ಇದು ದೂರದ ದೇಶದ ಜಗಳ, ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಇದೇ ಪ್ರಶ್ನೆಗೆ ಕನ್ನಡ ನಾಡು ನೆತ್ತರಿನ ಬೆಲೆ ತೆತ್ತಿದೆ. ಅದರ ಎರಡು ಮುಖಗಳೂ ಕಾಣಬೇಕಾದರೆ ಸಿರವಾರ, ಮಾನ್ವಿ, ದೇವದುರ್ಗಗಳಿರುವ ಈ ಎಡೆದೊರೆ ನಾಡಿನಲ್ಲಿ ನಿಂತು ನೋಡುವುದೇ ಒಳ್ಳೆಯದು.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ಬಂದೂಕು ಹೊಸದಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಪೋರ್ಚುಗೀಸ್ ಬಂದೂಕುಗಾರರ ಚಿಕ್ಕ ಗುಂಪೊಂದು ಅವನ ಕಡೆ ಇತ್ತು. ಕೋಟೆಯ ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಗುರಿಯಿಟ್ಟು ಹೊಡೆಯುತ್ತಿದ್ದರು. ಕೆಳಗೆ ವಿಜಯನಗರದ ಕಾಲಾಳುಗಳು ಗೋಡೆ ಕೀಳುತ್ತಿದ್ದರು. ಅಂದು ಬಂದೂಕು ರಾಜರ ಮತ್ತು ಪರದೇಶಿಗಳ ಸೊತ್ತು. ಮುಂದಿನ ಮೂರು ಶತಮಾನಗಳಲ್ಲಿ ಅದು ಪಾಳೆಯಗಾರರ ವಾಡೆಗಳಿಗೂ ಹಳ್ಳಿಯ ಗುಡಿಸಲುಗಳಿಗೂ ಇಳಿಯಿತು. ದೇವದುರ್ಗದಲ್ಲಿ, ಹೊಳೆಯಾಚೆಯ ಸುರಪುರದಲ್ಲಿ ಬೇಡ ನಾಯಕರು ಆಳಿದರು. ಬೇಡರಿಗೆ ಆಯುಧವೆಂದರೆ ಬೇಟೆಯ ಅನ್ನ, ಕಾವಲಿನ ಸಂಬಳ, ಕುಲದ ಮರ್ಯಾದೆ, ಮೂರೂ ಹೌದು.

ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಎದ್ದ 1857ರಲ್ಲಿ ಕಂಪೆನಿ ಸರಕಾರ ಆಯುಧಗಳ ಕಾಯಿದೆಯೊಂದನ್ನು ಹೊರಡಿಸಿತು. ಜನ ತಮ್ಮಲ್ಲಿರುವ ಆಯುಧಗಳನ್ನು ಸರಕಾರಕ್ಕೆ ತೋರಿಸಿ ಪರವಾನಗಿ ಪಡೆಯಬೇಕು, ಇಲ್ಲವೆ ಒಪ್ಪಿಸಬೇಕು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿ ಎಂಬ ಹಳ್ಳಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಆಯುಧ ಕೊಟ್ಟ ಮೇಲೆ ನಾವು ಉಳಿಯುವುದು ಯಾವುದಕ್ಕೆ ಎಂಬುದೇ ಅವರ ನಿಲುವು. ನವೆಂಬರ್ ಕೊನೆಗೆ ಕಂಪೆನಿಯ ದಂಡು ಹಳ್ಳಿಯನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ಅನೇಕರು ಹೋರಾಡಿ ಸತ್ತರು, ನೂರಾರು ಮಂದಿ ಸೆರೆಯಾದರು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಹಲಗಲಿಯ ಕಥೆ ಲಾವಣಿಯಾಗಿ ಹಾಡುವವರ ಬಾಯಲ್ಲಿ ಉಳಿಯಿತು. ಫ್ಲೀಟ್ ಸಾಹೇಬರು ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ನಿಮ್ಮ ಮನೆಯ ಮಕ್ಕಳು ಅದನ್ನು ಪಠ್ಯಪುಸ್ತಕದಲ್ಲಿ ಓದಿರಲೂ ಸಾಕು.

ಮರುವರ್ಷ ಬೆಂಕಿ ನಮ್ಮ ಕಡೆಗೂ ಹಬ್ಬಿತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಯುದ್ಧಕ್ಕೆ ನಿಂತು ಸೋತ. ಜೂನ್ 1ರಂದು ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದ. ವೆಂಕಟಪ್ಪ ನಾಯಕನ ಅಂತ್ಯವನ್ನು, ಅವನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸೆರೆವಾಸಕ್ಕೆ ಒಯ್ಯುತ್ತಿದ್ದಾಗ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದಲೇ ಆ ತರುಣ ರಾಜ ಸತ್ತನಂತೆ.

ಇನ್ನು ಕೊಡಗಿನ ಕಡೆ ನೋಡಿ. ಹಲಗಲಿ ಸುಟ್ಟು ನಾಲ್ಕು ವರ್ಷ ತುಂಬುವ ಮೊದಲೇ, 1861ರಲ್ಲಿ, ಅದೇ ಇಂಗ್ಲಿಷರು ಕೊಡವರನ್ನು ಆಯುಧದ ಕಾಯಿದೆಯಿಂದ ಬಿಟ್ಟರು. ದಂಗೆಯ ಕಾಲದಲ್ಲಿ ನಿಷ್ಠರಾಗಿದ್ದರೆಂಬುದೇ ಅದಕ್ಕೆ ಕಾರಣ. ಕೊಡಗಿನಲ್ಲಿ ಕೋವಿ ಮನೆಯ ದೇವರಂತೆ. ಕೈಲ್‌ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಬೇಡರಿಗೂ ಆಯುಧ ಹಾಗೆಯೇ ಇತ್ತು. ಆದರೂ ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ವಿನಾಯಿತಿ. ಎರಡೂ ಕಡೆ ಇದ್ದದ್ದು ಅದೇ ಕೋವಿ. ಬೇರೆಯಾಗಿದ್ದದ್ದು ಆಳುವವನ ನಂಬಿಕೆ.

1878ರ ಆಯುಧ ಕಾಯಿದೆ ಈ ತಾರತಮ್ಯವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ! ಅಹಿಂಸೆಯನ್ನೇ ವ್ರತವಾಗಿ ಹಿಡಿದ ಗಾಂಧೀಜಿ ಕೂಡ ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾಯಿದೆಯನ್ನು ಬ್ರಿಟಿಷ್ ಆಡಳಿತದ ಅತಿ ಕರಾಳ ಕೃತ್ಯವೆಂದು ಎಣಿಸಿದ್ದರು. ಹೊಡೆಯಬಲ್ಲವನು ಹೊಡೆಯದಿರುವುದು ಅಹಿಂಸೆ, ಹೊಡೆಯಲಾರದವನದು ನಿರುಪಾಯ. 1931ರ ಕರಾಚಿ ಕಾಂಗ್ರೆಸ್ಸು ಪ್ರಜೆಯ ಮೂಲಭೂತ ಹಕ್ಕುಗಳನ್ನು ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಅದರಲ್ಲಿ ಸೇರಿತು.

ಇಲ್ಲಿಗೇ ನಿಲ್ಲಿಸಿದರೆ, ಅಮೆರಿಕದಲ್ಲಿ ಬಂದೂಕಿನ ಪಕ್ಷ ಹಿಡಿದವರು ಹೇಳುವುದೇ ಸರಿ ಎಂದು ತೋರಬಹುದು. ಜನ ಬರಿಗೈಯಾದರೆ ಸರಕಾರ ಅವರನ್ನು ತುಳಿಯುತ್ತದೆ ಎಂಬುದು ಅವರ ವಾದ. ಹಲಗಲಿಗಿಂತ ಬೇರೆ ಸಾಕ್ಷಿ ಬೇಕೆ? ಆದರೆ ರಾಯಚೂರಿನವರಿಗೆ ಇನ್ನೊಂದು ನೆನಪೂ ಇದೆ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಲಿಲ್ಲ. ಖಾಸಿಂ ರಜ್ವಿಯ ಮುಂದಾಳುತನದಲ್ಲಿ ರಜಾಕಾರರೆಂಬ ಖಾಸಗಿ ಪಡೆ ಬಂದೂಕು ಹಿಡಿದು ಹಳ್ಳಿ ಹಳ್ಳಿ ತಿರುಗಿತು. ಸುಲಿಗೆಗೆ, ಬೆಂಕಿಗೆ, ಕೊಲೆಗೆ ಅಂಜಿ ಸಾವಿರಾರು ಜನ ಗಡಿ ದಾಟಿದರು. ಗಡಿಯ ಶಿಬಿರಗಳಲ್ಲಿ ನಮ್ಮ ತರುಣರೂ ಬಂದೂಕು ಎತ್ತಿಕೊಂಡರು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೋಲೀಸ್ ಕಾರ್ಯಾಚರಣೆ 17ರಂದು ಮುಗಿಯುವವರೆಗೂ ಈ ನಾಡು ಕಂಡದ್ದು ಇಷ್ಟು: ಯಾರಿಗೂ ಉತ್ತರ ಹೇಳಬೇಕಾಗಿಲ್ಲದವನ ಕೈಯ ಬಂದೂಕು, ನಿರ್ದಯ ಸರಕಾರದ ಬಂದೂಕಿನಷ್ಟೇ ಕ್ರೂರ.

ಇದಾಗಿ ಮೂರು ತಿಂಗಳೂ ಕಳೆದಿರಲಿಲ್ಲ. 1948ರ ಡಿಸೆಂಬರ್ ಮೊದಲಲ್ಲಿ, ದೆಹಲಿಯ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಎದ್ದು ನಿಂತು ಕರಾಚಿಯ ಮಾತನ್ನು ನೆನಪಿಸಿದರು. ಆಯುಧದ ಹಕ್ಕೂ ಮೂಲಭೂತ ಹಕ್ಕುಗಳಲ್ಲಿ ಸೇರಲಿ ಎಂದು ತಿದ್ದುಪಡಿ ತಂದರು. ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ. ಎಲ್ಲರೂ ಅಡೆತಡೆಯಿಲ್ಲದೆ ಪೇಟೆಗೆ ಹೋಗಿ ಆಯುಧ ಕೊಳ್ಳುವಂತಾದರೆ ರಾಜ್ಯಭಾರ ನಡೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ದೇಶಕ್ಕೆ ಆಪತ್ತು ಬಂದಾಗ ಆಯುಧ ಹಿಡಿಯುವುದು ಪ್ರಜೆಯ ಕರ್ತವ್ಯ. ಒತ್ತಿ ಹೇಳಬೇಕಾದ್ದು ಅದನ್ನು, ಹಕ್ಕನ್ನಲ್ಲ ಎಂಬುದು ಅವರ ನಿಲುವು. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕ ಹಿಡಿದ ದಾರಿ ಒಂದು, ನಾವು ಹಿಡಿದ ದಾರಿ ಇನ್ನೊಂದು, ಎಂಬುದು ಅಂದೇ ನಿಶ್ಚಯವಾಯಿತು.

ಹಾಗಾದರೆ ಹಲಗಲಿಯವರ ಸಾವು ವ್ಯರ್ಥವಾಯಿತೇ? ಇಲ್ಲವೆಂದೇ ನನ್ನ ಎಣಿಕೆ. ಹಳೆಯ ಕಾಯಿದೆ ಹೋಗಿ 1959ರ ಆಯುಧ ಕಾಯಿದೆ ಬಂತು, 1962ರಲ್ಲಿ ಜಾರಿಯಾಯಿತು. ಇದರಲ್ಲೂ ಪರವಾನಗಿ ಬೇಕು. ಆದರೆ ಬಿಳಿಯನಿಗೊಂದು, ಕರಿಯನಿಗೊಂದು ನಿಯಮವಿಲ್ಲ. ಪರವಾನಗಿ ನಿರಾಕರಿಸಿದ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಅರ್ಜಿದಾರ ಮೇಲಿನವರಿಗೆ ಮನವಿ ಮಾಡಿಕೊಳ್ಳಬಹುದು. ಚುನಾವಣೆ ಬಂದಾಗ ರೈತ ತನ್ನ ಬಂದೂಕನ್ನು ಠಾಣೆಗೆ ಒಪ್ಪಿಸಿದರೆ, ಚುನಾವಣೆ ಮುಗಿದ ಮೇಲೆ ಹಿಂದಕ್ಕೆ ತರುತ್ತಾನೆ. ಹಲಗಲಿಯ ಬೇಡರು ಇಂಥ ಕಾರಣವನ್ನು ಯಾರ ಬಳಿ ಕೇಳಬೇಕಾಗಿತ್ತು? ಅವರ ಮನವಿಗೆ ಬಂದ ಉತ್ತರ ದಂಡು.

ಒಂದು ತೊಡಕು ಮಾತ್ರ ಉಳಿದಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಹಳೆಯ ವಿನಾಯಿತಿ ಮುಂದುವರಿದಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಪರಂಪರೆಗೆ ಸಂದ ಗೌರವವಿದು ಎಂದು ಕೊಡಗಿನವರು ಹೇಳುವುದರಲ್ಲಿ ತಪ್ಪಿಲ್ಲ. ಹಾಗಿದ್ದರೆ ಹಲಗಲಿಯ ಪರಂಪರೆ ಏನಾಯಿತು ಎಂದು ಬಯಲುಸೀಮೆಯವರು ಕೇಳುವುದರಲ್ಲೂ ತಪ್ಪಿಲ್ಲ.

ಅಮೆರಿಕದವರು ಹಕ್ಕಿನ ತುದಿಯಿಂದ ಹೊರಟು ಮಿತಿಯನ್ನು ಹುಡುಕುತ್ತಿದ್ದಾರೆ. ನಾವು ಮಿತಿಯ ತುದಿಯಿಂದ ಹೊರಟು ನ್ಯಾಯವನ್ನು ಹುಡುಕಬೇಕಾಗಿದೆ. ಬರಿಗೈಯಲ್ಲಿರಲು ಒಪ್ಪಿದ ಪ್ರಜೆ ಸರಕಾರಕ್ಕೆ ದೊಡ್ಡ ಸಾಲವನ್ನೇ ಕೊಟ್ಟಿದ್ದಾನೆ. ರಾತ್ರಿ ಕೂಗಿದರೆ ಪೋಲೀಸರು ಬರುತ್ತಾರೆ, ಬಂದವರು ತನ್ನ ಜಾತಿ ಅಂತಸ್ತು ಕೇಳುವುದಿಲ್ಲ ಎಂಬ ಭರವಸೆಯೇ ಆ ಸಾಲಕ್ಕೆ ಬಡ್ಡಿ. ಆ ಬಡ್ಡಿ ಸಲ್ಲುತ್ತಿದೆಯೇ ಎಂದು ನಿಮ್ಮ ಊರಿನಲ್ಲಿ ನೀವೇ ವಿಚಾರಿಸಿ ನೋಡಬೇಕು.