ಒದ್ದೆ ಮಣ್ಣು, ಬ್ರೇಕಿಲ್ಲದ ಬೈಕು

1977ರ ಸೆಪ್ಟೆಂಬರ್ 2ರಂದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಜೋರು ಮಳೆ. ಅಲ್ಲಿನ ಉಲ್ಲೆವಿ ಕ್ರೀಡಾಂಗಣದಲ್ಲಿ ಅಂದು ಸ್ಪೀಡ್‌ವೇ ಮೋಟಾರ್‌ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಟ್ರ್ಯಾಕಿನ ಮಣ್ಣು ಕೆಸರಾಗಿತ್ತು. ಆದರೂ ರೇಸು ನಿಲ್ಲಲಿಲ್ಲ. ಹದಿನಾರು ಸವಾರರು ಆ ಕೆಸರಿನಲ್ಲೇ ಓಡಿದರು. ನ್ಯೂಜಿಲೆಂಡಿನ ಇವಾನ್ ಮೇಜರ್ ಐದನೆಯ ಬಾರಿಗೆ ಗೆದ್ದು, ಸ್ವೀಡನ್ನಿನವನೇ ಆದ ಓವೆ ಫುಂಡಿನ್‌ನ ದಾಖಲೆಯನ್ನು ಸರಿಗಟ್ಟಿದ. ಎರಡನೆಯವನಾದ ಇಂಗ್ಲೆಂಡಿನ ಪೀಟರ್ ಕಾಲಿನ್ಸ್ ಹಿಂದಿನ ವರ್ಷದ ಚಾಂಪಿಯನ್. ಕೆಲವೇ ದಿನಗಳ ಹಿಂದೆ ಮ್ಯಾಂಚೆಸ್ಟರಿನಲ್ಲಿ ಕಾಲು ಮುರಿದುಕೊಂಡಿದ್ದವನು ಆ ಕಾಲಿನಲ್ಲೇ ಬಂದಿದ್ದ. ಡೆನ್ಮಾರ್ಕಿನ ಓಲೆ ಓಲ್ಸೆನ್ ಮೂರನೆಯವನು. ಈ ಓಲ್ಸೆನ್‌ನ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ನಾನು ಈ ಆಟದತ್ತ ಬಂದದ್ದು ಬೈಕಿನ ಮೋಹದಿಂದಲ್ಲ. ಕ್ರೀಡೆಯನ್ನು ದುಡಿಮೆಯಾಗಿ ನೋಡುವ ಬರಹಗಳನ್ನು ಸಂಶೋಧನೆಗಾಗಿ ಓದುತ್ತಿದ್ದಾಗ ಸ್ಪೀಡ್‌ವೇ ಎದುರಾಯಿತು. ಅದರ ಚರಿತ್ರೆಯಲ್ಲಿ ಒಂದು ಜಗಳ ಮತ್ತೆ ಮತ್ತೆ ಬರುತ್ತದೆ: ಮಳೆ ಬಂದಾಗ ಓಡಬೇಕೋ ಬೇಡವೋ? ಅದರ ಬೆನ್ನಿಗೇ ಇನ್ನೊಂದು ಮಾತು: ಬೇಡ ಎನ್ನುವ ಸವಾರ ಅಂಜುಬುರುಕನೋ, ಸೋಮಾರಿಯೋ, ಅಥವಾ ಅವನು ಹೇಳುತ್ತಿರುವುದು ನಿಜವೋ? ಗೋಥೆನ್‌ಬರ್ಗಿನ ಆ ಮಳೆ ಸಂಜೆಯಂಥ ಕಥೆಗಳು ಈ ಎರಡನೆಯ ಪ್ರಶ್ನೆಗೆ ಎಷ್ಟು ದೂರದವರೆಗೆ ಬಣ್ಣ ಹಚ್ಚಿಬಿಟ್ಟಿವೆ ಎಂಬುದೇ ನನ್ನ ಕುತೂಹಲ.

ನಮ್ಮಲ್ಲಿ ಈ ಆಟ ಕಂಡವರು ಕಡಿಮೆ. ಹಾಗಾಗಿ ಒಂದೆರಡು ಮಾತು ಹೇಳಲೇಬೇಕು. ಆಸ್ಟ್ರೇಲಿಯಾದಲ್ಲಿ ಬೆಳೆದ ಈ ಆಟ 1928ರ ಫೆಬ್ರವರಿ 19ರಂದು ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ ನಡೆದ ರೇಸಿನೊಂದಿಗೆ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಈಗ ಅದರ ದೊಡ್ಡ ನೆಲೆ ಪೋಲೆಂಡ್. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ನಾಲ್ಕು ಜನ ಸವಾರರು, ನಾಲ್ಕು ಸುತ್ತು. ಇಂಥ ಒಂದು ಓಟಕ್ಕೆ 'ಹೀಟ್' ಎನ್ನುತ್ತಾರೆ. ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬೈಕು 500 ಸಿಸಿಯದು, ಇಂಧನ ಮೆಥನಾಲ್, ಗೇರು ಒಂದೇ, ಬ್ರೇಕು ಇಲ್ಲವೇ ಇಲ್ಲ.

ಬ್ರೇಕಿಲ್ಲದೆ ತಿರುಗುವುದು ಹೇಗೆ? ಜಾರಿಕೊಂಡು. ಸವಾರ ಬೇಕೆಂದೇ ಹಿಂದಿನ ಚಕ್ರವನ್ನು ಜಾರಿಸುತ್ತಾನೆ, ಮುಂದಿನ ಚಕ್ರವನ್ನು ತಿರುವಿನ ಎದುರು ದಿಕ್ಕಿಗೆ ಹೊರಳಿಸುತ್ತಾನೆ, ಉಕ್ಕಿನ ತಳ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ ಜಾರುತ್ತಾನೆ. ಬೈಕನ್ನು ಓಡಿಸುವುದೂ ಆಕ್ಸಿಲರೇಟರೇ, ತಿರುಗಿಸುವುದೂ ಅದೇ. ಆದ್ದರಿಂದ ಮೊದಲ ಮಳೆಗೆ ನಮ್ಮ ರಸ್ತೆಗಳಲ್ಲಿ ಸ್ಕೂಟರ್ ಜಾರಿ ಬೀಳುವ ಅನುಭವವನ್ನು ಇಟ್ಟುಕೊಂಡು ಇದನ್ನು ಅಳೆಯಲಾಗದು. ಸ್ಪೀಡ್‌ವೇ ಸವಾರನಿಗೆ ಜಾರುವುದು ಅಪಾಯವಲ್ಲ, ಅದು ಅವನ ಕಸುಬು. ಅವನಿಗೆ ಭಯ ಜಾರುತ್ತಿರುವ ಚಕ್ರ ಥಟ್ಟನೆ ಹಿಡಿತ ಕಂಡುಕೊಳ್ಳುವುದರದ್ದು. ಮಣ್ಣು ಒಂದು ಕಡೆ ತೆಳ್ಳಗೆ ಕೆಸರಾಗಿ, ಎರಡು ಅಡಿ ಆಚೆ ಅಂಟಾಗಿ ಗಟ್ಟಿಯಾಗಿದ್ದರೆ, ಅಲ್ಲಿ ಚಕ್ರ ಕಚ್ಚಿಕೊಂಡು ಬೈಕಿನ ಮೂತಿ ಮೇಲೇಳುತ್ತದೆ, ಬೈಕು ನೆಟ್ಟಗೆ ಬೇಲಿಯ ಕಡೆಗೆ ಹೋಗುತ್ತದೆ. ಇಡೀ ಟ್ರ್ಯಾಕು ಒಂದೇ ಸಮ ಒದ್ದೆಯಾಗಿದ್ದರೆ ಅನುಭವಿಗಳು ಹೇಗೋ ಓಡಿಸುತ್ತಾರೆ. ಅಲ್ಲಲ್ಲಿ ಒದ್ದೆ, ಅಲ್ಲಲ್ಲಿ ಅಂಟು ಎಂದಾದರೆ ಕಷ್ಟ. ಇದರ ಮೇಲೆ ಮುಂದಿನವನ ಚಕ್ರದಿಂದ ಹಾರುವ ಕೆಸರು ಹಿಂದಿನವನ ಕನ್ನಡಕಕ್ಕೆ ಬಡಿಯುತ್ತದೆ. ಮಳೆಯ ದಿನ ಗೇಟಿನಿಂದ ಮೊದಲು ಹೊರಬಿದ್ದವನಿಗೆ ಮಾತ್ರ ದಾರಿ ಕಾಣುತ್ತದೆ. ಉಳಿದವರು ಅಂದಾಜಿನ ಮೇಲೆ ಓಡಿಸುತ್ತಾರೆ.

ಜಗಳ ಹುಟ್ಟುವುದು ಇಲ್ಲಿ. ಓಡಬೇಕೋ ಬೇಡವೋ ಎಂದು ತೀರ್ಮಾನಿಸುವವನು ರೆಫರಿ. ಅವನು ರೇಸು ನಡೆಸುವುದು ಸ್ಟ್ಯಾಂಡಿನ ಮೇಲಿನ ಪೆಟ್ಟಿಗೆಯಂಥ ಕೋಣೆಯಿಂದ. ಇಳಿದು ಬಂದು ಟ್ರ್ಯಾಕು ನೋಡುತ್ತಾನೆ, ನಿಜ. ಆದರೆ ಬೂಟುಕಾಲಿನಲ್ಲಿ ಒತ್ತಿ ನೋಡಿದ ಮಣ್ಣು ಬೇರೆ, ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಚಕ್ರಕ್ಕೆ ಸಿಗುವ ಮಣ್ಣು ಬೇರೆ. ಎರಡನೆಯದು ಗೊತ್ತಿರುವುದು ಸವಾರನಿಗೆ ಮಾತ್ರ. ಅವನ ಸಾಕ್ಷಿಯನ್ನೋ ಯಾರೂ ಪೂರ್ತಿ ನಂಬುವುದಿಲ್ಲ.

ನಂಬದಿರಲು ಕಾರಣಗಳೂ ಇವೆ, ಅವನ್ನು ಮರೆಮಾಚಬಾರದು. ಬ್ರಿಟಿಷ್ ಲೀಗಿನಲ್ಲಿ ಸವಾರನಿಗೆ ಸಿಗುವುದು ತಿಂಗಳ ಸಂಬಳವಲ್ಲ. ಹೀಟಿಗಿಷ್ಟು, ಗಳಿಸಿದ ಅಂಕಕ್ಕಿಷ್ಟು. ಬೈಕು, ಎಂಜಿನ್ ರಿಪೇರಿ, ಓಡಾಟದ ಖರ್ಚಿನ ಹೊರೆ ಅವನ ಹೆಗಲ ಮೇಲೇ. ಸೀಸನ್ನಿನಲ್ಲಿ ದೊಡ್ಡ ಸವಾರನೊಬ್ಬ ಭಾನುವಾರ ಪೋಲೆಂಡಿನಲ್ಲಿ, ಮಂಗಳವಾರ ಸ್ವೀಡನ್ನಿನಲ್ಲಿ, ನಡುವೆ ಬಿಡುವಾದರೆ ಇಂಗ್ಲೆಂಡಿನಲ್ಲಿ ಓಡುತ್ತಾನೆ. ಪೋಲೆಂಡಿನ ಹಣವೇ ದೊಡ್ಡದು. ಹಾಗಾಗಿ ಇಂಗ್ಲೆಂಡಿನ ಮಳೆಯ ಸಂಜೆಯಲ್ಲಿ ಅವನು ಟ್ರ್ಯಾಕು ಸರಿಯಿಲ್ಲ ಎಂದರೆ ಸ್ಟ್ಯಾಂಡಿನಲ್ಲಿ ನೆನೆಯುತ್ತ ಕೂತ ಅಭಿಮಾನಿ ಗೊಣಗುತ್ತಾನೆ: ಭಾನುವಾರಕ್ಕೆ ಮೈ ಉಳಿಸಿಕೊಳ್ಳುತ್ತಿದ್ದಾನೆ. ತನ್ನ ತಂಡ ಮುಂದಿರುವಾಗ ಸವಾರನಿಗೆ ಟ್ರ್ಯಾಕು ಅಪಾಯವೆನಿಸುವುದೂ, ಹಿಂದಿರುವಾಗ ಅದೇ ಟ್ರ್ಯಾಕು ಪರವಾಗಿಲ್ಲವೆನಿಸುವುದೂ ಇಲ್ಲದ್ದಲ್ಲ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ಹಾಕಿ. ಓಡದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಹಣವಿಲ್ಲ. ಸಾಲ ಮಾಡಿ ಎಂಜಿನ್ ಕೊಂಡ ಹುಡುಗ ಬಾಯಿ ಮುಚ್ಚಿಕೊಂಡು ಕೆಸರಿಗಿಳಿಯುತ್ತಾನೆ. ಅವನನ್ನು ಧೈರ್ಯವಂತ ಎನ್ನುತ್ತೇವೆ. ಬೇಡ ಎನ್ನುವವನ ಹಿಂದೆ ಹಣ ಹುಡುಕುವ ನಾವು ಹೂಂ ಎನ್ನುವವನ ಹಿಂದೆ ಅದನ್ನು ಹುಡುಕುವುದಿಲ್ಲ. ಸಂಘಟಕನಿಗೂ ಹಣವೇ ಚಿಂತೆ: ಟಿಕೆಟು ಮಾರಿಯಾಗಿದೆ, ಜನ ಬಂದು ಕೂತಿದ್ದಾರೆ.

ನೀರು ಈ ಆಟದ ಶತ್ರುವಲ್ಲ ಎಂಬುದೂ ಸ್ವಾರಸ್ಯದ ಸಂಗತಿ. ಒಣ ಮಣ್ಣು ದೂಳೆದ್ದು ಕಣ್ಣು ಕಟ್ಟುತ್ತದೆ, ಹಿಡಿತವೂ ಸಿಗದು. ಅದಕ್ಕೆ ರೇಸಿಗೆ ಮೊದಲೂ ನಡುವೆಯೂ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಾರೆ, ಟ್ರ್ಯಾಕ್ಟರ್ ಕಟ್ಟಿ ಮಣ್ಣು ಹದ ಮಾಡುತ್ತಾರೆ. ಎಷ್ಟು ನೀರು, ಯಾವ ಭಾಗಕ್ಕೆ ಎನ್ನುವುದು ತವರಿನ ಕ್ಲಬ್ಬಿನ ಕೈಯಲ್ಲಿದ್ದರೆ ಅದೇ ಅಸ್ತ್ರ. ಕ್ರಿಕೆಟ್ಟಿನಲ್ಲಿ ಸ್ಪಿನ್ನರುಗಳಿಗಾಗಿ ಪಿಚ್ ಒಣಗಿಸುವ ಚಾಳಿ ನಮಗೆ ಗೊತ್ತಿದೆಯಲ್ಲ, ಹಾಗೆಯೇ. ಪೋಲೆಂಡಿನ ಲೀಗಿನಲ್ಲಿ ಈ ಗುಮಾನಿ ಎಷ್ಟು ಬೆಳೆಯಿತೆಂದರೆ, ಟ್ರ್ಯಾಕಿನ ಮೇಲೆ ಕಣ್ಣಿಡಲೆಂದೇ ಕಮಿಷನರುಗಳನ್ನು ನೇಮಿಸಿದರು. ಮಳೆ ಬರುವ ಸೂಚನೆಯಿದ್ದರೆ ಇಡೀ ಟ್ರ್ಯಾಕಿಗೆ ಹೊದಿಸುವ ಟಾರ್ಪಾಲು ಕೂಡ ಅಲ್ಲಿ ನಿಯಮದೊಳಗೆ ಸೇರಿತು.

ಉಲ್ಲೆವಿಯಲ್ಲಿ ರೇಸು ಯಾಕೆ ನಿಲ್ಲಲಿಲ್ಲ ಎನ್ನುವುದಕ್ಕೆ ಆ ಕಾಲದ ಪದ್ಧತಿಯನ್ನೂ ನೋಡಬೇಕು. 1995ರಲ್ಲಿ ಗ್ರ್ಯಾನ್ ಪ್ರೀ ಸರಣಿ ಬರುವವರೆಗೆ ವಿಶ್ವ ಚಾಂಪಿಯನ್ ಯಾರೆಂಬುದು ಒಂದೇ ರಾತ್ರಿ ತೀರ್ಮಾನವಾಗುತ್ತಿತ್ತು: ಹದಿನಾರು ಜನ, ಇಪ್ಪತ್ತು ಹೀಟು, ಒಬ್ಬೊಬ್ಬನಿಗೆ ಐದು ಓಟ. ವರ್ಷವಿಡೀ ಅರ್ಹತಾ ರೇಸುಗಳಲ್ಲಿ ಏಗಿ ಆ ರಾತ್ರಿಯವರೆಗೆ ಬಂದವನಿಗೆ ಮಳೆ ಎಂದು ಹಿಂದೆ ಸರಿಯುವ ದಾರಿ ನಿಜಕ್ಕೂ ಇತ್ತೇ? ಕಾಲಿನ್ಸ್‌ನ ಮುರಿದ ಕಾಲಿನ ಕಥೆಯನ್ನು ಶೌರ್ಯವೆಂದು ಓದುವಾಗ ನನಗೆ ಈ ಪ್ರಶ್ನೆ ಚುಚ್ಚುತ್ತದೆ. ಅವನ ಧೈರ್ಯ ಸುಳ್ಳಲ್ಲ. ಆದರೆ ಅದನ್ನು ಅಳತೆಗೋಲು ಮಾಡಿ ಮುಂದಿನ ತಲೆಮಾರಿನ ಸವಾರರ ಬೆನ್ನಿಗೆ ಹಿಡಿದದ್ದು ಕಥೆ ಹೇಳಿದವರು. ನಮ್ಮ ಕಾಲದಲ್ಲಿ ಎಂಥ ಮಳೆಗೂ ಓಡುತ್ತಿದ್ದರು ಎಂಬ ಮಾತು ಇಂಥ ಕಥೆಗಳಿಂದಲೇ ಬಲ ಪಡೆಯುತ್ತದೆ.

ಈಗ ಓಲ್ಸೆನ್ ಕಡೆಗೆ. ಸವಾರಿ ಬಿಟ್ಟ ಮೇಲೆ ಅವನು ಗ್ರ್ಯಾನ್ ಪ್ರೀಗಳ ರೇಸ್ ಡೈರೆಕ್ಟರ್ ಆದ. ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳೊಳಗೆ ಲಾರಿಗಟ್ಟಲೆ ಮಣ್ಣು ಸುರಿದು ಕೆಲವೇ ದಿನಗಳಲ್ಲಿ ತಾತ್ಕಾಲಿಕ ಟ್ರ್ಯಾಕು ಕಟ್ಟುವ ಕೆಲಸದಲ್ಲಿ ಅವನದೇ ದೊಡ್ಡ ಹೆಸರು. ಮೇಲೆ ಚಾವಣಿ ಮುಚ್ಚಿದರೆ ಮಳೆಯ ಜಗಳವೇ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಬೇಕು. ಮುಗಿಯಲಿಲ್ಲ. ಮಣ್ಣಿನ ಹದ ಮಳೆಯೊಂದರಿಂದಲೇ ಕೆಡುವುದಲ್ಲ. ವರ್ಷಗಟ್ಟಲೆ ತುಳಿದು ಗಟ್ಟಿಯಾಗುವ ನೆಲವನ್ನು ನಾಲ್ಕು ದಿನದಲ್ಲಿ ತಯಾರಿಸುವುದು ಸುಲಭವಲ್ಲ. 2008ರ ಅಕ್ಟೋಬರಿನಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನ ಚಾವಣಿಯಿರುವ ಕ್ರೀಡಾಂಗಣದಲ್ಲಿ ನಡೆಯಬೇಕಿದ್ದ ಗ್ರ್ಯಾನ್ ಪ್ರೀ, ಟ್ರ್ಯಾಕು ಓಡಲು ಯೋಗ್ಯವಲ್ಲವೆಂದು ರದ್ದಾಗಿ ಒಂದು ವಾರದ ನಂತರ ಪೋಲೆಂಡಿನ ಬಿದ್ಗೋಷ್ಚ್‌ಗೆ ಹೋಯಿತು.

2015ರ ಏಪ್ರಿಲ್ 18ರಂದು ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆದದ್ದು ಇನ್ನೂ ದೊಡ್ಡದು. 2010ರ ವಿಶ್ವ ಚಾಂಪಿಯನ್, ಪೋಲೆಂಡಿನ ಆರಾಧ್ಯ ಸವಾರ ತೊಮಾಶ್ ಗೊಲ್ಲೋಬ್‌ನಿಗೆ ಗ್ರ್ಯಾನ್ ಪ್ರೀಯಿಂದ ಬೀಳ್ಕೊಡುಗೆ. ಐವತ್ತು ಸಾವಿರಕ್ಕೂ ಹೆಚ್ಚು ಜನ. ಟ್ರ್ಯಾಕಿನ ಹೊಣೆ ಓಲ್ಸೆನ್‌ನದು. ಸ್ಟಾರ್ಟಿಂಗ್ ಗೇಟು ಕೈಕೊಟ್ಟಿತು, ಮಣ್ಣು ಕಿತ್ತು ಗುಂಡಿ ಬಿದ್ದಿತು. ಹನ್ನೆರಡು ಹೀಟು ಮುಗಿಯುವಷ್ಟರಲ್ಲಿ ಸವಾರರು ಒಟ್ಟಾಗಿ ಇನ್ನು ಓಡುವುದಿಲ್ಲ ಎಂದರು. ಅವರಲ್ಲಿ ವಿಶ್ವ ಚಾಂಪಿಯನ್ನರೂ ಇದ್ದರು, ಎಂಥೆಂಥ ಮಳೆಯನ್ನೋ ಕಂಡವರಿದ್ದರು. ಅಂಜುಬುರುಕರೆಂದು ಅವರನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಒಬ್ಬೊಬ್ಬನೇ ಹೇಳಿದಾಗ ನೆಪವಾಗಿ ಕೇಳಿಸುತ್ತಿದ್ದ ಮಾತು ಎಲ್ಲರೂ ಸೇರಿ ಹೇಳಿದಾಗ ತೀರ್ಮಾನವಾಯಿತು. ಗೊಲ್ಲೋಬ್‌ನ ವಿದಾಯ ಅರ್ಧಕ್ಕೇ ನಿಂತಿತು. ಆವರೆಗಿನ ಅಂಕಗಳ ಮೇಲೆ ಸ್ಲೊವೇನಿಯಾದ ಮತೇಯ್ ಝಗಾರ್‌ನನ್ನು ವಿಜೇತನೆಂದು ಘೋಷಿಸಿದರು.

ಉಲ್ಲೆವಿಯ ಕೆಸರಿನಲ್ಲಿ ಕೊನೆಯವರೆಗೆ ಓಡಿ ಮೂರನೆಯವನಾಗಿದ್ದ ಓಲ್ಸೆನ್ ಮೂವತ್ತೆಂಟು ವರ್ಷಗಳ ನಂತರ ಜಗಳದ ಆಚೆ ಬದಿಯಲ್ಲಿ ನಿಂತಿದ್ದ. ರೇಸು ನಿಲ್ಲಿಸುವ ಅಧಿಕಾರ ನಿಯಮದ ಪ್ರಕಾರ ಇಂದಿಗೂ ರೆಫರಿಯದೇ. ಮಳೆ ಬಂದ ಸಂಜೆ ಸವಾರರು ಎರಡೂ ತಂಡದವರು ಬೆರೆತು ಟ್ರ್ಯಾಕಿನ ಮೇಲೆ ನಡೆಯುತ್ತಾರೆ, ತಿರುವಿನಲ್ಲಿ ನಿಂತು ಹಿಮ್ಮಡಿಯಿಂದ ಮಣ್ಣು ಕೆದಕುತ್ತಾರೆ, ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಾರೆ. ಸ್ಟ್ಯಾಂಡಿನಲ್ಲಿ ಕೂತವರಿಗೆ ಆ ಮಾತು ಕೇಳಿಸುವುದಿಲ್ಲ.