ಮುಂಬಯಿಯ ಉಪ್ಪುಗಾಳಿ, ಸೊಂಟದ ರಿವಾಲ್ವರ್

ಮುಂಬಯಿಯಲ್ಲಿ ಕೈಬಂದೂಕನ್ನು ಹಾಳುಮಾಡಿದ್ದು ಹಾರಿಸಿದ ಗುಂಡಿಗಿಂತ ಹೆಚ್ಚಾಗಿ ಅಲ್ಲಿನ ಗಾಳಿ. ಸುತ್ತ ಕಡಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ 2,000 ಮಿ.ಮೀ.ಗೂ ಮಿಕ್ಕಿದ ಮಳೆ. ಒಂದು ಸುತ್ತೂ ಹಾರಿಸದೆ ಪೆಟ್ಟಿಗೆಯಲ್ಲಿಟ್ಟ ಉಕ್ಕಿಗೂ ಇಲ್ಲಿ ತುಕ್ಕು ಹಿಡಿಯುತ್ತದೆ.

ನಗರಕ್ಕೆ ಪೊಲೀಸ್ ಕಮಿಷನರ್ ಹುದ್ದೆ ಬಂದ 1864ರ ಹೊತ್ತಿಗೆ ಬಳಕೆಯಲ್ಲಿದ್ದುದು ಕಪ್ಪುಮದ್ದು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. 1890ರ ದಶಕದಲ್ಲಿ ಹೊಗೆಯಿಲ್ಲದ ಕಾರ್ಡೈಟ್ ಬಂದಾಗ ಕಿಟ್ಟವೇನೋ ಕಡಿಮೆಯಾಯಿತು, ತುಕ್ಕು ಮಾತ್ರ ತಪ್ಪಲಿಲ್ಲ. ತೋಟಾದ ಹಿಂಬದಿಯ ಕ್ಯಾಪ್‌ನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತಿತ್ತು. ಅಂದರೆ ಪ್ರತಿ ಸುತ್ತಿಗೂ ನಳಿಗೆಯೊಳಗೆ ಒಂದಿಷ್ಟು ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಮೊದಲು ಕುದಿನೀರು ಹೊಯ್ದು ತೊಳೆಯಬೇಕಿತ್ತು. ಕಾದ ಉಕ್ಕು ತಾನಾಗಿಯೇ ಬೇಗ ಒಣಗುತ್ತಿತ್ತು, ಆಮೇಲೆ ಎಣ್ಣೆ. ಬರ್ಮಾದ ಖನಿಜತೈಲದಿಂದ ತಯಾರಾದ ರಂಗೂನ್ ಎಣ್ಣೆ ಆ ಕಾಲದ ಹೆಸರಾಂತ ಬಂದೂಕಿನ ಎಣ್ಣೆ.

1887ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ವೆಬ್ಲಿ ರಿವಾಲ್ವರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಸಿಲಿಂಡರಿನ ಆರೂ ಗೂಡು ಕಣ್ಣೆದುರು ತೆರೆದುಕೊಳ್ಳುತ್ತಿದ್ದವು. ಗುಂಡು ಇಲ್ಲವೆಂದು ನೋಡಿ ಖಾತ್ರಿ ಮಾಡಿಕೊಳ್ಳುವುದೂ ಸುಲಭ, ರಾಡಿಗೆ ಚಿಂದಿ ಸಿಕ್ಕಿಸಿ ಒರೆಸುವುದೂ ಸುಲಭ. ಚಿಂದಿ ಬೆಳ್ಳಗೆ ಹೊರಬರುವ ತನಕ ಒರೆಸಿ, ಕೊನೆಗೆ ಎಣ್ಣೆ ಸವರಿದ ಚಿಂದಿಯನ್ನು ಒಮ್ಮೆ ಹಾಯಿಸುವ ಪದ್ಧತಿ ಪೊಲೀಸ್ ಶಸ್ತ್ರಾಗಾರಗಳಲ್ಲಿ ಇಂದಿಗೂ ಇದೆ. ಖಂಡೇನವಮಿಯ ಶಸ್ತ್ರಪೂಜೆ ಮಳೆಗಾಲ ಹಿಂದೆಗೆಯುವ ಹೊತ್ತಿಗೇ ಬರುತ್ತದೆ. ನಾಲ್ಕು ತಿಂಗಳ ತೇವ ಉಂಡ ಆಯುಧಗಳನ್ನೆಲ್ಲ ಹೊರತೆಗೆದು ಉಜ್ಜಲು ಅದಕ್ಕಿಂತ ಒಳ್ಳೆಯ ದಿನ ಸಿಗದು.

1920ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ತುಕ್ಕು ತರದ ಕ್ಯಾಪ್ ತಯಾರಾಯಿತು. ಅದು ಎಲ್ಲೆಡೆ ಹರಡಿದಂತೆ ಕುದಿನೀರಿನ ಅಗತ್ಯ ತಪ್ಪಿತು. ಆಗ ಉಳಿದ ಶತ್ರು ಬೆವರು. ಭೂಗತ ಪಾತಕಿಗಳ ಬೆನ್ನುಹತ್ತಿದ್ದ 1980 ಮತ್ತು 90ರ ದಶಕಗಳಲ್ಲಿ ಮಫ್ತಿಯ ಅಧಿಕಾರಿ ರಿವಾಲ್ವರನ್ನು ಅಂಗಿಯಡಿ ಮೈಗಂಟಿಸಿಕೊಂಡೇ ಓಡಾಡಬೇಕಿತ್ತು. ಹೀಗೆ ದಿನವೂ ಒಯ್ಯುವ, ಅಪರೂಪಕ್ಕೆ ಹಾರಿಸುವ ಆಯುಧದ ಆರೈಕೆಯ ರೀತಿಯೇ ಬೇರೆ. ನಳಿಗೆಯಲ್ಲಿ ಮಸಿ ಇರುವುದಿಲ್ಲ. ಮೈಗೆ ತಗಲುವ ಬದಿಯಲ್ಲಿ, ಹಿಡಿಯ ಅಂಚಿನಲ್ಲಿ, ಸ್ಕ್ರೂಗಳ ತಲೆಯಲ್ಲಿ ಕೆಂಪು ಚುಕ್ಕೆ ಏಳುತ್ತವೆ. ಬಟ್ಟೆಯ ಜುಂಗು ಸಿಲಿಂಡರಿನ ಸಂದಿಯಲ್ಲಿ ಕೂರುತ್ತದೆ. ಹದಮಾಡಿದ ತೊಗಲಿನಲ್ಲಿ ಉಳಿದ ಲವಣ ತೇವದೊಡನೆ ಸೇರಿ ಉಕ್ಕನ್ನು ಕಚ್ಚುವುದರಿಂದ ರಾತ್ರಿ ರಿವಾಲ್ವರನ್ನು ಅದರ ತೊಗಲು ಚೀಲದಿಂದ ತೆಗೆದಿಡಲೇಬೇಕು. ಎಣ್ಣೆ ಹೆಚ್ಚಾದರೂ ಕೇಡು: ಧೂಳು ಮೆತ್ತಿ ಅಂಟಾಗುತ್ತದೆ, ತೋಟಾದ ಕ್ಯಾಪ್‌ಗೆ ಇಳಿದರೆ ಗುಂಡು ಹಾರದೆಯೇ ಉಳಿದೀತು. ಉಜ್ಜುವ ಭಾಗಗಳಿಗೆ ಒಂದೊಂದು ಹನಿ, ಹೊರಮೈಗೆ ತೆಳುವಾದ ಒರೆತ, ಇಷ್ಟು ಸಾಕು.

1959ರ ಶಸ್ತ್ರ ಕಾಯ್ದೆಯಡಿ ಲೈಸೆನ್ಸ್ ಪಡೆದ ನಾಗರಿಕರ ಬಳಿ ಹೆಚ್ಚಾಗಿ ಇರುವುದು .32 ಬೋರಿನ ಆಯುಧ. ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರ್ ಹಳೆಯ ವೆಬ್ಲಿಯ ವಂಶದ್ದೇ. ಚುನಾವಣೆ ಬಂದಾಗ ಇಂಥ ಆಯುಧಗಳಲ್ಲಿ ಅನೇಕವು ವಾರಗಟ್ಟಲೆ ಠಾಣೆಯಲ್ಲಿ ಜಮೆಯಾಗುತ್ತವೆ. ಅಂಥ ಕಾಲಕ್ಕೆ ದಪ್ಪನೆಯ ಎಣ್ಣೆ ಬೇಕು. ಮರಳಿ ಪಡೆದ ಮೇಲೆ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು.

2008ರ ನವೆಂಬರ್ ದಾಳಿಯ ಬಳಿಕ ಮುಂಬಯಿಯ ಪಡೆಗಳಿಗೆ ಗ್ಲಾಕ್‌ನಂಥ ಪಿಸ್ತೂಲುಗಳು ಬಂದವು. ಅವುಗಳ ಚೌಕಟ್ಟು ಪಾಲಿಮರ್, ಸ್ಲೈಡಿನ ಮೇಲ್ಮೈ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಎಣ್ಣೆಯೂ ಕೆಲವೇ ಹನಿ ಸಾಕು. ಆದರೆ ಸ್ಪ್ರಿಂಗು, ಪಿನ್ನುಗಳು ಇಲ್ಲಿಯೂ ಉಕ್ಕಿನವೇ. ಮಳೆಯಲ್ಲಿ ನೆನೆದ ದಿನ ಬಿಚ್ಚಿ ಒರೆಸಬೇಕು, ಮ್ಯಾಗಜೀನಿನ ಒಳಗನ್ನು ಮಾತ್ರ ಎಣ್ಣೆ ಹಾಕದೆ ಒಣಗಿಸಿಡಬೇಕು.