ಓದುಗರಿಲ್ಲದ ಕಾಲದಲ್ಲಿ ಬರೆದ ಮೇಷ್ಟ್ರು: ಕೊರಿಯಾದ ಹ್ವಾಂಗ್ ಸುನ್-ವೊನ್

ಕೊರಿಯಾ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಮೊಬೈಲು, ಕಾರು, ಹಾಡು. 2024ರಲ್ಲಿ ಹಾನ್ ಕಾಂಗ್ ಅವರಿಗೆ ನೊಬೆಲ್ ಬಂದ ಮೇಲೆ ಅಲ್ಲಿನ ಸಾಹಿತ್ಯದ ಹೆಸರೂ ಕೇಳಿಬಂತು. ಆದರೆ ಆ ನಾಡಿನ ಭಾಷೆಯನ್ನು ಅದರದೇ ಶಾಲೆಗಳಿಂದ ಹೊರಗೆ ಹಾಕಿದ ಕಾಲವೊಂದಿತ್ತು. ಆಗಲೂ ತಾಯ್ನುಡಿಯಲ್ಲೇ ಬರೆಯುತ್ತಾ ಕುಳಿತ ಹ್ವಾಂಗ್ ಸುನ್-ವೊನ್ ಅವರ ಬಗ್ಗೆ ನಾವಿಲ್ಲಿ ಹೇಳಹೊರಟಿದ್ದೇವೆ.

ಅಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹಾಗಾಗಿ ಹ್ವಾಂಗ್ ಎಂಬುದು ಮನೆತನ. ಅವರು ಹುಟ್ಟಿದ್ದು 1915ರಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿದ ಪ್ಯಾಂಗ್‌ಯಾಂಗ್ ನಗರದ ಹತ್ತಿರ. 1910ರಲ್ಲೇ ಜಪಾನ್ ಕೊರಿಯಾವನ್ನು ನುಂಗಿಯಾಗಿತ್ತು. ತಂದೆ ಶಾಲಾ ಮೇಷ್ಟ್ರು. 1919ರ ಸ್ವಾತಂತ್ರ್ಯ ಚಳವಳಿಯಲ್ಲಿ ಕೊರಿಯಾದ ಬಾವುಟ ಹಂಚಿದ್ದಕ್ಕೆ ಅವರು ಜೈಲು ಸೇರಿದಾಗ ಮಗನಿಗೆ ನಾಲ್ಕು ವರ್ಷ.

ಹ್ವಾಂಗ್ ಅವರ ಮೊದಲ ಕವಿತೆ ಅಚ್ಚಾದದ್ದು 1931ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ. 1934ರಲ್ಲಿ ಟೋಕಿಯೋದಲ್ಲಿ ಮೊದಲ ಕವನ ಸಂಕಲನ ಹೊರತಂದರು. ಕೊರಿಯಾದ ಜಪಾನಿ ಆಡಳಿತದ ಸೆನ್ಸಾರ್ ತಪ್ಪಿಸಲು ಅಲ್ಲಿ ಅಚ್ಚು ಹಾಕಿಸಿದರೆಂದು, ಮರುವರ್ಷ ರಜೆಗೆ ಊರಿಗೆ ಬಂದಾಗ ಪೊಲೀಸರು ಅವರನ್ನು 29 ದಿನ ಕೂಡಿಹಾಕಿದರು! ಮುಂದೆ ಟೋಕಿಯೋದ ವಸೇದಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1939ರಲ್ಲಿ ಪದವಿ ಪಡೆದರು. ಆ ಹೊತ್ತಿಗೆ ಮನಸ್ಸು ಕತೆಯತ್ತ ತಿರುಗಿತ್ತು. 1940ರಲ್ಲಿ ಮೊದಲ ಕಥಾಸಂಕಲನ ಬಂತು.

ಅಷ್ಟರಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದ್ದವು. 1938ರಲ್ಲಿ ಕೊರಿಯನ್ ಭಾಷೆ ಶಾಲೆಯಲ್ಲಿ ಐಚ್ಛಿಕ ವಿಷಯವಾಯಿತು, ಕ್ರಮೇಣ ತರಗತಿಯಿಂದಲೇ ಮಾಯವಾಯಿತು. 1940ರಲ್ಲಿ ಜನ ತಮ್ಮ ಹೆಸರನ್ನೇ ಜಪಾನಿ ರೀತಿಗೆ ಬದಲಿಸಿಕೊಳ್ಳಬೇಕಾಯಿತು. ಅದೇ ವರ್ಷ ಎರಡು ದೊಡ್ಡ ಕೊರಿಯನ್ ಪತ್ರಿಕೆಗಳು ಮುಚ್ಚಿದವು. 1942ರಲ್ಲಿ ನಿಘಂಟು ತಯಾರಿಸುತ್ತಿದ್ದ ವಿದ್ವಾಂಸರನ್ನೂ ಬಂಧಿಸಲಾಯಿತು. ಅವರಲ್ಲಿ ಇಬ್ಬರು ಸೆರೆಮನೆಯಲ್ಲೇ ತೀರಿಕೊಂಡರು.

ಹಲವು ಲೇಖಕರು ಜಪಾನಿ ಭಾಷೆಗೆ ಹೊರಳಿದರು, ಕೆಲವರು ಬರೆಯುವುದನ್ನೇ ಬಿಟ್ಟರು. ಹ್ವಾಂಗ್ ಊರಿಗೆ ಮರಳಿ ಕೊರಿಯನ್ನಿನಲ್ಲೇ ಕತೆ ಬರೆದು ಮನೆಯಲ್ಲಿ ಬಚ್ಚಿಟ್ಟರು. ಅಚ್ಚು ಮಾಡುವವರಿಲ್ಲ, ಓದುವವರು ಮುಂದೆ ಇರುತ್ತಾರೋ ಇಲ್ಲವೋ ತಿಳಿಯದು. 1944ರಲ್ಲಿ ಬರೆದ 'ಮಡಕೆ ಮಾಡುವ ಮುದುಕ' ಆ ಕತೆಗಳಲ್ಲೊಂದು. ಹೆಂಡತಿ ಬಿಟ್ಟುಹೋದ, ಕೈಯ ಕಸುಬೂ ಕೈಕೊಟ್ಟ ಮುದುಕ ಕುಂಬಾರನೊಬ್ಬ ಮಗನನ್ನು ಬೇರೆಯವರಿಗೆ ಒಪ್ಪಿಸಿ, ಕೊನೆಗೆ ತಾನೇ ಆವಿಗೆಯೊಳಗೆ ಹೋಗಿ ಕೂರುವ ಕತೆ ಅದು. ಅದು ಅಚ್ಚಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1950ರಲ್ಲಿ.

1945ರಲ್ಲಿ ಬಿಡುಗಡೆಯೇನೋ ಬಂತು, ಆದರೆ ದೇಶ ಎರಡು ಪಾಲಾಯಿತು. ಜಮೀನ್ದಾರ ಮನೆತನದ ಹ್ವಾಂಗ್ ಕುಟುಂಬ 1946ರಲ್ಲಿ ಎಲ್ಲ ಬಿಟ್ಟು ದಕ್ಷಿಣಕ್ಕೆ ಬಂತು. ಉತ್ತರದ ಭೂಸುಧಾರಣೆಯ ಆ ದಿನಗಳೇ 1954ರ 'ಕೇಯ್ನನ ಸಂತತಿ' ಕಾದಂಬರಿಯ ವಸ್ತು. ಅದರ ನಾಯಕ ಹಳ್ಳಿಯವರಿಗಾಗಿ ರಾತ್ರಿಶಾಲೆ ನಡೆಸುತ್ತಿದ್ದವನು. ಕಾದಂಬರಿ ಶುರುವಾಗುವ ಹೊತ್ತಿಗೆ ಆ ಶಾಲೆ ಅವನ ಕೈತಪ್ಪಿರುತ್ತದೆ. 'ಕೊಕ್ಕರೆಗಳು' ಕತೆಯಲ್ಲಿ ಯುದ್ಧದಿಂದಾಗಿ ಎದುರಾಳಿಗಳಾದ ಬಾಲ್ಯಗೆಳೆಯರಿಬ್ಬರಿದ್ದಾರೆ. ಒಬ್ಬ ಕೈದಿ, ಇನ್ನೊಬ್ಬ ಅವನನ್ನು ಕರೆದೊಯ್ಯುವವ. ಚಿಕ್ಕಂದಿನಲ್ಲಿ ಹಿಡಿದಿದ್ದ ಕೊಕ್ಕರೆಯ ನೆನಪೇ ಕೊನೆಗೆ ಹಗ್ಗ ಬಿಚ್ಚಿಸುತ್ತದೆ.

ಹ್ವಾಂಗ್ ಸಿಯೋಲ್‌ನಲ್ಲಿ ಶಾಲಾ ಶಿಕ್ಷಕರಾದರು. 1957ರಿಂದ ಕ್ಯುಂಗ್ ಹೀ ವಿಶ್ವವಿದ್ಯಾಲಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿದರು. ನೂರಕ್ಕೂ ಹೆಚ್ಚು ಸಣ್ಣಕತೆ, ಏಳು ಕಾದಂಬರಿ ಬರೆದು 2000ದಲ್ಲಿ ತೀರಿಕೊಂಡರು. ಮಗ ಹ್ವಾಂಗ್ ದೊಂಗ್-ಗ್ಯು ಹೆಸರಾಂತ ಕವಿ.

ಅವರ 'ಸೊನಾಗಿ', ಅಂದರೆ 'ದಿಢೀರ್ ಮಳೆ', ದಕ್ಷಿಣ ಕೊರಿಯಾದ ಮಕ್ಕಳು ತಲೆಮಾರುಗಳಿಂದ ಪಠ್ಯದಲ್ಲಿ ಓದುತ್ತಾ ಬಂದ ಕತೆ. ಹಳ್ಳಿ ಹುಡುಗ, ಸಿಯೋಲ್‌ನಿಂದ ಬಂದ ಹುಡುಗಿ, ಒಂದು ತೊರೆ. ಮಳೆಗೆ ಉಕ್ಕಿದ ತೊರೆಯನ್ನು ಹುಡುಗ ಅವಳನ್ನು ಬೆನ್ನಮೇಲೆ ಹೊತ್ತು ದಾಟಿಸುತ್ತಾನೆ. ಆಗ ಅವಳ ಅಂಗಿಗೆ ಕಲೆ ಅಂಟುತ್ತದೆ. ಕಾಯಿಲೆಯ ಹುಡುಗಿ ಸಾಯುವ ಮುಂಚೆ ತನ್ನನ್ನು ಅದೇ ಅಂಗಿಯಲ್ಲಿ ಮಣ್ಣುಮಾಡಿ ಎಂದು ಕೇಳಿದಳಂತೆ. ಹುಡುಗನಿಗೆ ಇದು ತಿಳಿಯುವುದು ರಾತ್ರಿ ಮಲಗಿದಲ್ಲೇ, ಅಪ್ಪ ಅಮ್ಮನ ಮಾತು ಕಿವಿಗೆ ಬಿದ್ದಾಗ. ಕತೆ ಅಲ್ಲಿಗೆ ಮುಗಿಯುತ್ತದೆ.

ಶಾಲೆಯಿಂದ ಹೊರಹಾಕಿದ್ದ ಭಾಷೆ, ಅದೇ ಲೇಖಕರ ಕತೆಯಾಗಿ ಶಾಲೆಗೆ ಮರಳಿತು. ಗಡಿಯಾಚೆಯ ನಮ್ಮ ಸ್ಥಿತಿ ಅಷ್ಟು ಕಠಿಣವಲ್ಲ. ನಮಗೆ ಶಾಲೆಯಿದೆ, ಪುಸ್ತಕವಿದೆ, ಕನ್ನಡದಲ್ಲಿ ಬರೆದರೆ ಹಿಡಿದೊಯ್ಯುವವರಿಲ್ಲ. ಆದರೂ "ಇಲ್ಲಿ ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ?" ಎಂಬ ಮಾತು ನಮ್ಮ ನಡುವೆ ಆಗಾಗ ಬರುತ್ತದೆ. ಮುಂದಿನ ಸಲ ಆ ಮಾತು ಬಂದಾಗ ಮಕ್ಕಳಿಗೆ ಈ ಮೇಷ್ಟ್ರ ಕತೆ ಹೇಳೋಣ.